ಮಡಕಶಿರದ ಕಾರ್ಡು, ಬೆಂಗಳೂರಿನ ಆಸ್ಪತ್ರೆ

ಕ್ಯಾನ್ಸರ್ ಅನ್ನೋ ಮಾತನ್ನು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಬಾಗಿಲು ಮುಂದು ಮಾಡಿಕೊಂಡೇ ಆಡುತ್ತಾರೆ. ತೆಲುಗಿನ ಹಿರಿಯರು ಇದನ್ನು ರಾಚಪುಂಡು ಎನ್ನುತ್ತಿದ್ದರು. ಬಂದರೆ ಹೋಗುವಂಥದ್ದಲ್ಲ, ಆಸ್ಪತ್ರೆಗೆ ಸುರಿದ ದುಡ್ಡು ಹೊಳೆಗೆ ಸುರಿದಂತೆ ಎಂಬ ನಂಬಿಕೆ ಬಲವಾಗಿದೆ. ಈ ನಂಬಿಕೆ ಹಳೆಯದಾಯಿತು. ಬಾಯಿ, ಸ್ತನ, ಗರ್ಭಕಂಠ ಅಂದರೆ ಗರ್ಭಚೀಲದ ಬಾಯಿ, ಈ ಮೂರು ಕಡೆಯ ಕ್ಯಾನ್ಸರನ್ನು ಮೊದಲಲ್ಲೇ ಹಿಡಿದರೆ ವಾಸಿ ಮಾಡುವುದು ಇಂದು ಸಾಧ್ಯವಿದೆ. ಗಡಿನಾಡಿನವರಾದ ನಮ್ಮ ಕಷ್ಟವೇ ಬೇರೆ. ಎಲ್ಲಿ ಹೋಗಬೇಕು, ಯಾವ ಕಾರ್ಡು ನಡೆಯುತ್ತೆ, ಅಲ್ಲಿ ನಮ್ಮ ಮಾತು ಯಾರಿಗೆ ಅರ್ಥವಾಗುತ್ತೆ ಅನ್ನೋದು.

ಮೊದಲು ಪರೀಕ್ಷೆಯ ವಿಷಯ. ಕ್ಯಾನ್ಸರ್ ಪರೀಕ್ಷೆ ಎಂದ ಕೂಡಲೇ ದೊಡ್ಡ ಯಂತ್ರ, ದೊಡ್ಡ ಬಿಲ್ಲು ಎಂದು ಹೆದರುವವರೇ ಹೆಚ್ಚು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಅಲ್ಲಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರಲ್ಲಿ ಒಂದು ಪ್ರಯೋಗ ನಡೆಸಿದರು. ಗರ್ಭಚೀಲದ ಬಾಯಿಗೆ ವಿನೆಗರ್ ಹಚ್ಚಿ ಒಂದು ನಿಮಿಷ ಬಿಟ್ಟು ನೋಡುವುದು. ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ, ಅಷ್ಟೇ. ನೋಡಿದವರು ಡಾಕ್ಟರುಗಳಲ್ಲ, ಹತ್ತನೇ ತರಗತಿ ಓದಿ ಕೆಲವು ವಾರ ತರಬೇತಿ ಪಡೆದ ಹೆಂಗಸರು. (ನನ್ನ ಓದೂ ಅಷ್ಟೇ, ಎಸ್.ಎಸ್.ಎಲ್.ಸಿ., ಹಾಗಾಗಿ ಈ ಸುದ್ದಿ ನನಗೆ ಬಹಳ ಹಿಡಿಸಿತು.) 2013ರಲ್ಲಿ ಫಲಿತಾಂಶ ಹೊರಬಿತ್ತು. ಈ ಕಾಯಿಲೆಯ ಸಾವು ಶೇ. 31ರಷ್ಟು ಇಳಿದಿತ್ತು. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಯವರೂ ಸೇರಿ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗಿನ ಧಾರಾಶಿವದಲ್ಲಿ, 1 ಲಕ್ಷ 31 ಸಾವಿರ ಹೆಂಗಸರ ಮೇಲೆ ಇನ್ನೊಂದು ಅಧ್ಯಯನ ಮಾಡಿದರು. ಎಚ್.ಪಿ.ವಿ. ಎಂಬ ವೈರಾಣು ಇದೆಯೇ ಎಂದು ಒಂದೇ ಒಂದು ಸಲ ಪರೀಕ್ಷೆ ಮಾಡಿದ ಊರುಗಳಲ್ಲಿ ಸಾವು ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಈ ಪರೀಕ್ಷೆ ವಿನೆಗರಿಗಿಂತ ಮೇಲು, ಆದರೆ ಪ್ರಯೋಗಾಲಯ ಬೇಕು, ಖರ್ಚೂ ಜಾಸ್ತಿ. ಅದು ಬರುವ ತನಕ ವಿನೆಗರನ್ನಾದರೂ ಬಿಡಬಾರದು. ಬಾಯಿಯ ಕ್ಯಾನ್ಸರಿಗಂತೂ ಒಂದು ಟಾರ್ಚು, ಒಂದು ತಿಳಿದ ಕಣ್ಣು ಸಾಕು. ತಿರುವನಂತಪುರದ ಅಧ್ಯಯನ 2005ರಲ್ಲೇ ಹೇಳಿದೆ, ಹೊಗೆಸೊಪ್ಪು ಹೆಂಡದ ಅಭ್ಯಾಸ ಇದ್ದವರ ಬಾಯಿಯನ್ನು ಆಗಾಗ ನೋಡಿದ್ದರಿಂದ ಸಾವು ಮೂರರಲ್ಲಿ ಒಂದು ಪಾಲು ತಗ್ಗಿತು ಅಂತ. ನಮ್ಮ ಸಂತೆಗಳಲ್ಲಿ ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿ ಕೆನ್ನೆಯೊಳಗೆ ಇಟ್ಟುಕೊಂಡೇ ವ್ಯಾಪಾರ ಮಾಡೋರು ಎಷ್ಟು ಮಂದಿ! ಬಾಯಲ್ಲಿ ಬಿಳಿ ಇಲ್ಲವೇ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು ಇದ್ದರೆ ತೋರಿಸಲೇಬೇಕು.

30 ವರ್ಷ ದಾಟಿದ ಹೆಂಗಸರಿಗೆ ಈ ಮೂರೂ ತಪಾಸಣೆ, ಗಂಡಸರಿಗೆ ಬಾಯಿಯ ತಪಾಸಣೆ ಐದು ವರ್ಷಕ್ಕೊಮ್ಮೆ ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಆಗಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಹಾಗಾಗಿ ಇದು ನಾವು ಬೇಡುವ ಭಿಕ್ಷೆಯಲ್ಲ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೋಗಿ ಕೇಳಿ. ಇಲ್ಲ ಅಂದರೆ ಯಾಕಿಲ್ಲ ಅಂತ ಗ್ರಾಮಸಭೆಯಲ್ಲಿ ಕೇಳಿ.

ಕೇಳುವವರ ಭಾಷೆಯೂ ಇಲ್ಲಿ ಸಣ್ಣ ವಿಷಯವಲ್ಲ. ಅಗಳಿ ಕಡೆಯ ಒಬ್ಬ ಹಿರಿಯ ಹೆಂಗಸನ್ನು ಅವರ ಮಗನೂ ನಾನೂ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಅವರಿಗೆ ತೆಲುಗು ಅಷ್ಟಕ್ಕಷ್ಟೆ. ಪರದೆಯ ಆ ಕಡೆ ನರ್ಸಮ್ಮ ‘ತೆಲ್ಲಬಟ್ಟ ಅವುತಾಂದಾ ಅವ್ವಾ?’ ಎಂದರು. ತೆಲುಗಿನಲ್ಲಿ ಹಾಗಂದರೆ ಬಿಳಿಸೆರಗು. ನಮ್ಮ ಅವ್ವ ತೆಳ್ಳನೆ ಬಟ್ಟೆ ಎಂದು ತಿಳಿದು, ಉಟ್ಟ ಸೀರೆ ಹಿಡಿದು ನೋಡಿಕೊಂಡು, ‘ಇಲ್ಲ ಕಣಮ್ಮ, ದಪ್ಪದ್ದೇ’ ಎಂದರು. ನರ್ಸಮ್ಮ ಇಲ್ಲ ಎಂದು ಬರೆದುಕೊಳ್ಳುವಷ್ಟರಲ್ಲಿ ಈ ಕಡೆಯಿಂದ ನಾನು ಕೂಗಿ ಹೇಳಿ ತಿದ್ದಿಸಬೇಕಾಯಿತು. ನಕ್ಕುಬಿಡುವ ಮಾತಲ್ಲ ಇದು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣುವುದು, ನಾತದ ಬಿಳಿಸೆರಗು, ಇವೇ ಗರ್ಭಕಂಠದ ಕ್ಯಾನ್ಸರಿನ ಸುಳಿವುಗಳು. ತೆಲುಗಿನ ‘ಗಡ್ಡ’ ಎಂದರೆ ಗಂಟು, ಕನ್ನಡದ ಗಡ್ಡ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಎರಡು ನುಡಿಯಲ್ಲಿ ಪದ್ಯ ಕಟ್ಟುವವನಿಗೆ ಇಂಥ ಜೋಡಿಗಳು ಸಂತೋಷ ಕೊಡುತ್ತವೆ. ಕಾಯಿಲೆ ಹಾಸಿಗೆಯಲ್ಲಿ ಅವೇ ಗಂಡಾಂತರ.

ಇನ್ನು ಕಾರ್ಡಿನ ಕಥೆ. 2007ರ ಏಪ್ರಿಲಿನಲ್ಲಿ ಆರೋಗ್ಯಶ್ರೀ ಶುರುವಾದಾಗ ಮೊದಲ ಮೂರು ಜಿಲ್ಲೆಗಳಲ್ಲಿ ನಮ್ಮ ಅನಂತಪುರವೂ ಒಂದಾಗಿತ್ತು. ಸರ್ಕಾರ ಬದಲಾದಂತೆ ಹೆಸರೂ ಬದಲಾಗಿ ಈಗದು ಎನ್.ಟಿ.ಆರ್. ವೈದ್ಯಸೇವೆ, ಊರವರ ಬಾಯಲ್ಲಿ ಮಾತ್ರ ಆರೋಗ್ಯಶ್ರೀಯೇ. ಈ ಯೋಜನೆಯಿಂದ ಉಳಿದ ಜೀವಗಳನ್ನು ನಾನೇ ಕಂಡಿದ್ದೇನೆ, ಸುಮ್ಮನೆ ದೂರುವುದು ಸರಿಯಲ್ಲ. ತಿರುಪತಿಯಲ್ಲಿ 2022ರಲ್ಲಿ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಬಂತು, ಕರ್ನೂಲಿನಲ್ಲಿ 2024ರಲ್ಲಿ ರಾಜ್ಯ ಕ್ಯಾನ್ಸರ್ ಸಂಸ್ಥೆ ಉದ್ಘಾಟನೆಯಾಯಿತು. ಆದೋನಿಯವರಿಗೆ ಕರ್ನೂಲು ಹತ್ತಿರವೇ. ಆದರೆ ಮಡಕಶಿರ, ರೊಳ್ಳ, ಅಮರಾಪುರದವರಿಗೆ? ನಮ್ಮ ಬಸ್ಸು, ನಮ್ಮ ನೆಂಟರು, ನಮ್ಮ ಅಡಿಕೆ ಹುಣಸೆ ವ್ಯಾಪಾರ ಎಲ್ಲ ಶಿರಾ, ತುಮಕೂರು, ಬೆಂಗಳೂರಿನ ಕಡೆಗೆ. ಕಾಯಿಲೆ ಬಿದ್ದವರು ಹೋಗುವುದೂ ಅದೇ ದಾರಿಯಲ್ಲಿ, 1973ರಿಂದ ಬೆಂಗಳೂರಿನಲ್ಲಿರುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ. ಕಿದ್ವಾಯಿ ಯಾವ ರಾಜ್ಯದವರನ್ನೂ ಬಾಗಿಲಿಂದ ಕಳಿಸುವುದಿಲ್ಲ. ಆದರೆ ಕರ್ನಾಟಕದ ಉಚಿತ ಯೋಜನೆ ಕರ್ನಾಟಕದ ಪಡಿತರ ಚೀಟಿಗೆ. ನಮ್ಮದು ಆಂಧ್ರದ ಬಿಳಿ ಕಾರ್ಡು.

ಹಾಗಂತ ದಾರಿ ಪೂರ್ತಿ ಮುಚ್ಚಿಲ್ಲ. 2019ರ ನವೆಂಬರಿನಲ್ಲಿ ಆಂಧ್ರ ಸರ್ಕಾರ ಹೈದರಾಬಾದ್, ಬೆಂಗಳೂರು, ಚೆನ್ನೈಗಳ ಆಯ್ದ ಆಸ್ಪತ್ರೆಗಳಿಗೂ ಆರೋಗ್ಯಶ್ರೀಯನ್ನು ವಿಸ್ತರಿಸಿತು. 2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಕೇಂದ್ರದ ಆಯುಷ್ಮಾನ್ ಭಾರತದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಉಂಟು. ಕೇಂದ್ರದ ಪಟ್ಟಿಯಲ್ಲಿ ಹೆಸರಿದ್ದವರು ಯೋಜನೆಗೆ ಸೇರಿದ ಯಾವ ರಾಜ್ಯದ ನೋಂದಾಯಿತ ಆಸ್ಪತ್ರೆಗಾದರೂ ಹೋಗಬಹುದು. ತೊಡಕಿರುವುದು ರಾಜ್ಯ ತನ್ನ ದುಡ್ಡಿನಲ್ಲಿ ಸೇರಿಸಿಕೊಂಡ ಕುಟುಂಬಗಳಿಗೆ, ಅವಕ್ಕೆ ರಾಜ್ಯದ ನಿಯಮವೇ. ತನ್ನ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ಎಷ್ಟು ರೈತರಿಗೆ ಗೊತ್ತು? ಊರು ಬಿಡುವ ಮುಂಚೆ 104ಕ್ಕೆ ಫೋನು ಮಾಡಿ, ಹೋಗುವ ಆಸ್ಪತ್ರೆ ಪಟ್ಟಿಯಲ್ಲಿದೆಯೇ, ಈ ಕಾಯಿಲೆಗೆ ಇದೆಯೇ ಎಂದು ಕೇಳಬೇಕು. (ಕರ್ನಾಟಕದ ಆರೋಗ್ಯ ಸಹಾಯವಾಣಿಯೂ 104ೇ. ಎತ್ತಿಕೊಂಡವರು ಯಾವ ರಾಜ್ಯದವರು ಅಂತ ಮೊದಲು ಕೇಳಿಕೊಳ್ಳಿ!) ಒಂದು ಕಡೆ ಬಯಾಪ್ಸಿ ಆಗಿದ್ದರೆ ಬರೀ ರಿಪೋರ್ಟು ಸಾಲದು. ಗಾಜಿನ ಸ್ಲೈಡು, ಮೇಣದ ಬ್ಲಾಕು ಕೇಳಿ ಪಡೆದು ಜೊತೆಗೊಯ್ದರೆ ಮತ್ತೆ ಚುಚ್ಚಿಸಿಕೊಳ್ಳುವುದು ಬಹಳ ಸಲ ತಪ್ಪುತ್ತದೆ.

ಔಷಧದ ಬೆಲೆ ಮೊದಲಿನಷ್ಟು ಭಯಂಕರವಾಗಿಲ್ಲ. ರಕ್ತ ಕ್ಯಾನ್ಸರಿನ ಇಮಾಟಿನಿಬ್ ಮಾತ್ರೆಯ ಪೇಟೆಂಟ್ ವ್ಯಾಜ್ಯದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಪರದೇಶಿ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು, ಅಗ್ಗದ ಮಾತ್ರೆ ಉಳಿಯಿತು. 2019ರಲ್ಲಿ 42 ಕ್ಯಾನ್ಸರ್ ಔಷಧಗಳ ಮೇಲಿನ ಮಾರಾಟದ ಲಾಭಾಂಶಕ್ಕೆ ಶೇ. 30ರ ಮಿತಿ ಹಾಕಿದರು. ಅದಕ್ಕೆ ಮುಂಚೆ ಎಷ್ಟಿತ್ತೋ, ವ್ಯಾಪಾರಿ ಮಿತ್ರರೇ ಊಹಿಸಿಕೊಳ್ಳಲಿ.

ನಮ್ಮವರನ್ನು ಸೋಲಿಸುತ್ತಿರುವುದು ದಿನಗಳ ಲೆಕ್ಕ. ಗರ್ಭಕಂಠದ ಕ್ಯಾನ್ಸರಿಗೆ ಕರೆಂಟು ಕೊಡುವುದು, ಅಂದರೆ ರೇಡಿಯೇಷನ್, ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ. ಒಂದು ಸಲಕ್ಕೆ ಹಿಡಿಯುವುದು ಕೆಲವೇ ನಿಮಿಷ. ಆ ಕೆಲವು ನಿಮಿಷಕ್ಕಾಗಿ ಐದು ವಾರ ಬೆಂಗಳೂರಿನಲ್ಲಿ ಬಾಡಿಗೆ ಕೋಣೆ, ಹೋಟೆಲ್ ಊಟ, ಜೊತೆಗೊಬ್ಬರು. ಊರಲ್ಲಿ ಕಡಲೆಕಾಯಿ ಬಿತ್ತನೆಗೆ ಹದವಾಗಿದೆ, ಹಸುವಿಗೆ ಹುಲ್ಲು ಹಾಕೋರಿಲ್ಲ. ಎರಡು ವಾರಕ್ಕೆ ನೋವು ತಗ್ಗುತ್ತದೆ, ‘ಇನ್ನು ಸಾಕು ಬಿಡಪ್ಪ’ ಎಂದು ಬಸ್ಸು ಹತ್ತುತ್ತಾರೆ. ಕಾಯಿ ಕಟ್ಟುವ ಹೊತ್ತಿಗೆ ನೀರು ನಿಲ್ಲಿಸಿದ ಹೊಲದಂತಾಗುತ್ತದೆ. ಕಾಯಿಲೆ ಮತ್ತೆ ಏಳುವಾಗ ಮೊದಲಿನಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕಿದ್ವಾಯಿಯ ಆವರಣದಲ್ಲಿ ಧರ್ಮಶಾಲೆ ಇದೆ, ವಿಚಾರಿಸಬೇಕು. ರೈಲಿನಲ್ಲಿ ಆಸ್ಪತ್ರೆಯ ಸರ್ಟಿಫಿಕೇಟ್ ಕೊಟ್ಟರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎ.ಸಿ. ದರ್ಜೆಯಲ್ಲಿ ಪೂರ್ತಿ ರಿಯಾಯಿತಿ, ಜೊತೆಯವರಿಗೆ ಶೇ. 75. ಹಿಂದೂಪುರದಲ್ಲಿ ರೈಲು ಹತ್ತುವ ಎಷ್ಟೋ ಜನ ಇದು ತಿಳಿಯದೆ ಪೂರ್ತಿ ಟಿಕೆಟ್ ಕೊಳ್ಳುತ್ತಿದ್ದಾರೆ.

ಎರಡು ಸರ್ಕಾರಗಳು ಕೂತು ಮಾತಾಡುವುದು ಆಗದ ಕೆಲಸ ಎನ್ನಬೇಡಿ. 2020ರ ಮಾರ್ಚಿನಲ್ಲಿ ಕೊರೊನಾ ಕಾಲಕ್ಕೆ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಗಡಿಯಲ್ಲಿ ನಿಂತರು, ಕೆಲವರು ಪ್ರಾಣವನ್ನೇ ಬಿಟ್ಟರು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳನ್ನು ಬಿಡುವ ಕ್ರಮಕ್ಕೆ ಒಪ್ಪಿಗೆಯಾಯಿತು. ಕೋರ್ಟು ಗದರಿದರೆ ವಾರದಲ್ಲಿ ಆಗುವ ಕೆಲಸ ಶಾಸಕರು ಮನಸ್ಸು ಮಾಡಿದರೆ ವರ್ಷದಲ್ಲಾದರೂ ಆಗಬಾರದೇ?

ನಾವು ಕೇಳುವುದು ಹೆಚ್ಚಿಲ್ಲ. ಗಡಿ ಮಂಡಲಗಳ ಬಿಳಿ ಕಾರ್ಡಿಗೆ ಕ್ಯಾನ್ಸರಿನ ಮಟ್ಟಿಗಾದರೂ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಬೆಲೆ ಬರಲಿ, ಖರ್ಚಿನ ಲೆಕ್ಕ ಸರ್ಕಾರ ಸರ್ಕಾರದ ನಡುವೆ ಆಗಲಿ, ಕರ್ನಾಟಕದ ಗಡಿ ಊರಿನವರು ಕರ್ನೂಲಿಗೆ ಹೋದರೆ ಅವರಿಗೂ ಹಾಗೇ. ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಕ್ಯಾನ್ಸರ್ ಡೇ ಕೇರ್ ಕೇಂದ್ರ ತೆರೆಯುತ್ತೇವೆಂದು ಕೇಂದ್ರ 2025ರ ಬಜೆಟ್ಟಿನಲ್ಲಿ ಹೇಳಿದೆ. ಹಿಂದೂಪುರದ ಆಸ್ಪತ್ರೆಗೆ ಅದು ಬೇಗ ಬಂದರೆ ಬೆಂಗಳೂರಿನಲ್ಲಿ ಶುರುವಾದ ಕೀಮೋವನ್ನು ಇಲ್ಲೇ ಮುಂದುವರಿಸಬಹುದು. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ ಮಂಡಲಗಳಲ್ಲಿ ಮಕ್ಕಳಿಗೆ ಕನ್ನಡ ಶಾಲೆಗಳಿವೆ. ಅಲ್ಲಿ ನಡೆಯುವ ತಪಾಸಣೆಗೆ ಕನ್ನಡ ಬಲ್ಲ ಒಬ್ಬ ನರ್ಸಮ್ಮ, ಕನ್ನಡದಲ್ಲಿ ಅಚ್ಚಾದ ಒಂದು ಪ್ರಶ್ನೆಪಟ್ಟಿ ಕೊಡುವುದಕ್ಕೆ ಒಪ್ಪಂದವೂ ಬೇಡ, ಬಜೆಟ್ಟೂ ಬೇಡ. ಜಿಲ್ಲಾ ವೈದ್ಯಾಧಿಕಾರಿಗಳ ಒಂದು ಆದೇಶ ಸಾಕು.