ಉದ್ಯಮಿಗೆ ಕೋಪವೂ ಬೇಕು

ವ್ಯಾಪಾರಿಗೆ ತಾಳ್ಮೆಯೇ ಬಂಡವಾಳವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕ್ರೋಧವನ್ನು ಅರಿಷಡ್ವರ್ಗಗಳಲ್ಲಿ ಎಣಿಸಲಾಗಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದೆಂಬ ಗಾದೆಯೂ ಇದೆ. ಎಚ್ಚರಿಕೆ ಸರಿಯಾದುದೇ. ಆದರೆ ಗಾದೆಯು ಹಳಿಯುವುದು ಮೂಗು ಕೊಯ್ಯುವ ಕೃತ್ಯವನ್ನು. ಅನ್ಯಾಯವಾದಾಗ ಮನಸ್ಸು ನೀಡುವ ಮೊದಲ ಸೂಚನೆಯೇ ಕೋಪ. ಅದನ್ನು ಅದುಮಿಟ್ಟ ಮಾತ್ರಕ್ಕೆ ಅನ್ಯಾಯ ನಿವಾರಣೆಯಾಗದು.

ಸಣ್ಣ ಕೈಗಾರಿಕೆಗಳನ್ನು ಕಾಡುವ ಬಾಕಿ ಹಣದ ಸಮಸ್ಯೆ ಇದಕ್ಕೆ ನಿದರ್ಶನ. ಸರಕು ಒಪ್ಪಿಸಿ ಆರು ತಿಂಗಳು ಕಳೆದರೂ ದೊಡ್ಡ ಖರೀದಿದಾರನಿಂದ ಹಣ ಬಾರದು. ಮುಂದಿನ ಆರ್ಡರ್ ಕೈತಪ್ಪೀತೆಂಬ ಅಂಜಿಕೆಯಿಂದ ಪೂರೈಕೆದಾರನು ಮೌನ ವಹಿಸುತ್ತಾನೆ. ನುಂಗಿಕೊಂಡ ಕೋಪವು ಕಾರ್ಮಿಕರ ಮೇಲೋ ಮನೆಮಂದಿಯ ಮೇಲೋ ಎರಗುತ್ತದೆ. ಬಾಕಿದಾರನಿಗೆ ಮಾತ್ರ ಅದರ ಬಿಸಿ ತಟ್ಟುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಹಣ ಪಾವತಿಸುವ ಅವಧಿಯು, ಲಿಖಿತ ಒಪ್ಪಂದವಿದ್ದರೂ, ಸರಕು ಸ್ವೀಕೃತವಾದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ಮಾಸಿಕ ಚಕ್ರಬಡ್ಡಿಯಾಗಿ ತೆರಬೇಕು. ವಿವಾದವನ್ನು ಫೆಸಿಲಿಟೇಷನ್ ಕೌನ್ಸಿಲ್‌ಗೆ ಒಯ್ಯಬಹುದು. ಆದರೆ ಕೌನ್ಸಿಲ್ ತಾನಾಗಿ ಅಂಗಡಿಯ ಬಾಗಿಲಿಗೆ ಬರುವುದಿಲ್ಲ. ನೊಂದವನು ಅರ್ಜಿ ಹಾಕಬೇಕು. ಅರ್ಜಿ ಹಾಕಲು ಮನದಲ್ಲಿ ಕಿಂಚಿತ್ತಾದರೂ ಕೋಪವಿರಬೇಕು.

ಗಾಂಧೀಜಿಯವರ ಜೀವನ ಇಲ್ಲಿ ಸ್ಮರಣೀಯ. 1893ರಲ್ಲಿ ಅವರು ದಕ್ಷಿಣ ಆಫ್ರಿಕಕ್ಕೆ ಹೋದದ್ದು ದಾದಾ ಅಬ್ದುಲ್ಲಾ ಎಂಬ ವರ್ತಕರ ವ್ಯಾಜ್ಯದ ನಿಮಿತ್ತ. ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಅವರನ್ನು ರೈಲಿನಿಂದ ಹೊರದಬ್ಬಲಾಯಿತು. ಅವರು ಕೈಯೆತ್ತಲಿಲ್ಲ, ಸುಮ್ಮನೆಯೂ ಕೂರಲಿಲ್ಲ. ರೈಲ್ವೆ ಅಧಿಕಾರಿಗೆ ದೂರು ನೀಡಿದರು. ಮರುವರ್ಷ ಅಲ್ಲಿನ ಭಾರತೀಯ ವರ್ತಕರ ಬೆಂಬಲದಿಂದ ನಾಟಾಲ್ ಇಂಡಿಯನ್ ಕಾಂಗ್ರೆಸ್ ಸ್ಥಾಪಿಸಿದರು. ಅದೇ ಅವಧಿಯಲ್ಲಿ ದಾದಾ ಅಬ್ದುಲ್ಲಾರ ವ್ಯಾಜ್ಯವನ್ನು ಪಂಚಾಯಿತಿಗೆ ಒಪ್ಪಿಸಿ, ಸೋತವರು ದಿವಾಳಿಯಾಗದಂತೆ ಕಂತುಗಳಲ್ಲಿ ಹಣ ತೀರಿಸುವ ಏರ್ಪಾಡು ಮಾಡಿಸಿದರು. ಅನ್ಯಾಯದ ವಿರುದ್ಧ ಕೋಪ, ಎದುರಾಳಿಯ ವಿಷಯದಲ್ಲಿ ಸಂಯಮ, ಇವೆರಡೂ ಒಬ್ಬರಲ್ಲೇ ಇರಲು ಸಾಧ್ಯವೆಂಬುದಕ್ಕೆ ಇದು ಸಾಕ್ಷಿ.

ಆದುದರಿಂದ ಸಿಟ್ಟು ಬಂದ ಗಳಿಗೆಯಲ್ಲಿ ದೂರವಾಣಿ ಎತ್ತಿಕೊಳ್ಳುವುದು ಬೇಡ. ಮೊದಲು ಬಿಲ್ಲು, ಸ್ವೀಕೃತಿ ಪತ್ರ, ದಿನಾಂಕಗಳನ್ನು ಜೋಡಿಸಿಕೊಳ್ಳಲಿ. ಬಡ್ಡಿಯ ಲೆಕ್ಕ ಹಾಕಲಿ. ನಂತರ ವಿನಯದ ಭಾಷೆಯಲ್ಲಿ, ಗಡುವಿನ ಸಮೇತ ನೋಟಿಸು ಕಳುಹಿಸಲಿ. ಒಬ್ಬಂಟಿಯಾಗಿ ದನಿಯೆತ್ತಲು ಅಂಜುವವರ ಪರವಾಗಿ ವಾಣಿಜ್ಯ ಸಂಸ್ಥೆಗಳು ಮಾತನಾಡಬೇಕು. ಬಿಡಿ ವರ್ತಕನ ಸಿಟ್ಟನ್ನು ಕಡೆಗಣಿಸುವ ಖರೀದಿದಾರನು ಸಂಘಟಿತ ವರ್ತಕರ ನ್ಯಾಯವಾದ ಕೋಪವನ್ನು ಸುಲಭವಾಗಿ ಕಡೆಗಣಿಸಲಾರ.