ಪೋಸ್ಟರ್ ಬರೆಯುವುದು ಎಐ, ಉತ್ತರ ಕೊಡಬೇಕಾದ್ದು ಅಂಗಡಿಯವರು

ಹಬ್ಬ ಹತ್ತಿರ ಬಂದರೆ ಸಾಕು, ವಾಟ್ಸ್‌ಆ್ಯಪ್ ಸ್ಟೇಟಸ್ ತುಂಬಾ ಅಂಗಡಿಗಳ ಜಾಹೀರಾತು. ಬಟ್ಟೆ ಅಂಗಡಿಯಿರಲಿ, ಬೇಕರಿಯಿರಲಿ, ಮೊಬೈಲ್ ಅಂಗಡಿಯಿರಲಿ, ಈಗ ಎಲ್ಲರ ಮಾತೂ ಒಂದೇ. 'ಗುಣಮಟ್ಟ ಮತ್ತು ವಿಶ್ವಾಸದ ಅಪೂರ್ವ ಸಂಗಮ', 'ನಿಮ್ಮ ಕನಸುಗಳಿಗೆ ಹೊಸ ರೂಪ', ಕೊನೆಗೊಂದು ರಾಕೆಟ್ ಚಿತ್ರ. ಬರೆದದ್ದು ಅಂಗಡಿಯವರಲ್ಲ, ಚಾಟ್‌ಜಿಪಿಟಿಯೋ ಜೆಮಿನಿಯೋ ಎಂದು ಓದಿದ ಕೂಡಲೇ ಗೊತ್ತಾಗುತ್ತದೆ. ಬಂಗುಡೆ ಮಾರುವವರಿಗೂ ಬಂಗಾರ ಮಾರುವವರಿಗೂ ಅದೇ ವಾಕ್ಯ ಹೊಂದುತ್ತದೆ ಎಂದರೆ ಆ ವಾಕ್ಯದಲ್ಲಿ ಸರಕೇ ಇಲ್ಲ ಎಂದರ್ಥ.

ಹಾಗಂತ ಸಣ್ಣ ವ್ಯಾಪಾರಿಯನ್ನು ಬೈಯುವ ಹಾಗಿಲ್ಲ. ಜಾಹೀರಾತು ಬರೆಸಲು ಏಜೆನ್ಸಿಗೆ ದುಡ್ಡು ಕೊಡುವ ಶಕ್ತಿ ಅವರಿಗಿಲ್ಲ. ರಾತ್ರಿ ಶಟರ್ ಎಳೆದು, ಲೆಕ್ಕ ಮುಗಿಸಿ ಮೊಬೈಲ್ ಹಿಡಿಯುವ ಹೊತ್ತಿಗೆ ಬರೆಯುವ ತಾಳ್ಮೆಯೂ ಉಳಿದಿರುವುದಿಲ್ಲ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಈ ಕೆಲಸ ಹೆಚ್ಚುಕಡಿಮೆ ಪುಕ್ಕಟೆಯಾಯಿತು.

ಇದರ ಲಾಭ ಎಷ್ಟು, ಅಪಾಯ ಎಷ್ಟು ಎಂದು ತಿಳಿಯಬೇಕಾದರೆ ಅತ್ತಿಬೆಲೆ ದಾಟಿ ಹೊಸೂರಿನ ಅವಲಪಲ್ಲಿಯಂಥ ಜಾಗ ನೋಡಬೇಕು. ಕೃಷ್ಣಗಿರಿ ಜಿಲ್ಲೆಯ ಈ ಭಾಗದಲ್ಲಿ ಆಡಳಿತದ ಭಾಷೆ ತಮಿಳು. ಆದರೆ ಮನೆಗಳಲ್ಲಿ ಕನ್ನಡ, ತೆಲುಗು, ಉರ್ದು ಧಾರಾಳವಾಗಿ ನಡೆಯುತ್ತವೆ. ಕಾರ್ಖಾನೆ ಕೆಲಸಕ್ಕೆ ಬಂದ ಉತ್ತರ ಭಾರತದವರಿಗೆ ಹಿಂದಿ ಬೇಕು. ಇಲ್ಲಿ ಒಂದು ಚಪ್ಪಲಿ ಅಂಗಡಿ ಇಟ್ಟವರು ಒಂದೇ ಆಫರನ್ನು ನಾಲ್ಕೈದು ಭಾಷೆಗಳಲ್ಲಿ ಹೇಳಬೇಕು. ಬಾಯಲ್ಲಿ ಹೇಳುವುದು ಅವರಿಗೆ ಕಷ್ಟವಲ್ಲ, ಬರೆಯುವುದೇ ಕಷ್ಟ. ನಾಲ್ಕು ಭಾಷೆ ಮಾತಾಡುವವರಲ್ಲಿ ಎರಡನ್ನು ಮಾತ್ರ ಓದಬಲ್ಲವರೇ ಹೆಚ್ಚು. ಎಐ ನಿಜವಾಗಿ ಕೈಹಿಡಿಯುವುದೂ ಇಲ್ಲೇ, ಕೈಕೊಡುವುದೂ ಇಲ್ಲೇ. ಯಾಕೆಂದರೆ ತಾನು ಕಳಿಸುತ್ತಿರುವ ಸಂದೇಶದಲ್ಲಿ ಏನಿದೆ ಎಂಬುದು ಕಳಿಸುವವರಿಗೇ ಗೊತ್ತಿರುವುದಿಲ್ಲ.

ಭಾಷೆಗಳ ನಡುವೆಯೂ ಎಐಗೆ ಭೇದವಿದೆ. ಅದು ಬರಹವನ್ನು 'ಟೋಕನ್' ಎಂಬ ತುಂಡುಗಳಾಗಿ ಒಡೆದು ಓದುತ್ತದೆ. ತುಂಡುಗಳು ಹೆಚ್ಚಾದಷ್ಟೂ ಖರ್ಚು ಜಾಸ್ತಿ, ವೇಗ ಕಡಿಮೆ. 2024ರ ಮೇ ತಿಂಗಳಲ್ಲಿ ಓಪನ್ಎಐ ಕಂಪೆನಿ ಜಿಪಿಟಿ-4ಓ ಬಿಡುಗಡೆ ಮಾಡಿದಾಗ ಮಾದರಿಯಾಗಿ 20 ಭಾಷೆಗಳ ಪಟ್ಟಿ ಕೊಟ್ಟಿತ್ತು. ತೆಲುಗಿನಲ್ಲಿ ತುಂಡುಗಳು 3.5 ಪಟ್ಟು, ತಮಿಳಿನಲ್ಲಿ 3.3 ಪಟ್ಟು, ಉರ್ದುವಿನಲ್ಲಿ 2.5 ಪಟ್ಟು ಕಡಿಮೆಯಾಗಿವೆ ಎಂದಿತ್ತು. ಹೊಸೂರಿನ ಮೂರು ಭಾಷೆಗಳು ಆ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ. ಎಐಗೆ ಕನ್ನಡ ಬರುವುದಿಲ್ಲ ಎಂದು ಇದರ ಅರ್ಥವಲ್ಲ. ಕಂಪೆನಿಗಳ ಕಣ್ಣಿಗೆ ಯಾವುದು ಮೊದಲು ಬೀಳುತ್ತದೆ ಎಂಬುದಂತೂ ತಿಳಿಯುತ್ತದೆ. ಬ್ಯಾರಿಯ ಮಾತು ಬಿಡಿ; ಗೂಗಲ್ ಟ್ರಾನ್ಸ್‌ಲೇಟ್ 2024ರ ಜೂನ್‌ನಲ್ಲಿ ಒಂದೇ ಸಲ 110 ಭಾಷೆ ಸೇರಿಸಿದಾಗ ತುಳುವಿಗೆ ಜಾಗ ಸಿಕ್ಕಿತು, ಬ್ಯಾರಿಗೆ ಸಿಗಲಿಲ್ಲ.

ಅನುವಾದ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2025ರ ಜುಲೈಯಲ್ಲಿ ಇಡೀ ರಾಜ್ಯ ನೋಡಿದೆ. ನಟಿ ಬಿ. ಸರೋಜಾದೇವಿ ಅವರ ಅಂತಿಮ ದರ್ಶನ ಪಡೆದ ಬಗ್ಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಕಚೇರಿ ಕನ್ನಡದಲ್ಲಿ ಹಾಕಿದ್ದ ಪೋಸ್ಟನ್ನು ಮೆಟಾದ ಸ್ವಯಂ ಅನುವಾದ ವ್ಯವಸ್ಥೆ ಇಂಗ್ಲಿಷಿಗೆ ತಿರುಗಿಸಿದಾಗ, ತೀರಿಕೊಂಡವರು ಮುಖ್ಯಮಂತ್ರಿಗಳೇ ಎಂಬಂತಾಯಿತು. ಸರ್ಕಾರ ಪತ್ರ ಬರೆಯಿತು, ಮೆಟಾ ತಪ್ಪು ಸರಿಪಡಿಸಿ ಕ್ಷಮೆ ಕೇಳಿತು. ಮುಖ್ಯಮಂತ್ರಿಯ ಪೋಸ್ಟ್ ಆದ್ದರಿಂದ ಒಂದೆರಡು ದಿನದಲ್ಲೇ ಸರಿಹೋಯಿತು. 'ಒಂದು ಕೊಂಡರೆ ಇನ್ನೊಂದಕ್ಕೆ ಅರ್ಧ ಬೆಲೆ' ಎಂಬುದು ತಮಿಳಿನಲ್ಲಿ 'ಎಲ್ಲಕ್ಕೂ ಅರ್ಧ ಬೆಲೆ' ಎಂದಾದರೆ ಅವಲಪಲ್ಲಿಯ ವ್ಯಾಪಾರಿ ಯಾರಿಗೆ ಪತ್ರ ಬರೆಯುವುದು ಮಾರಾಯ್ರೆ? ಮರುದಿನ ಗಿರಾಕಿ ಮೊಬೈಲ್ ಹಿಡಿದುಕೊಂಡು ಅಂಗಡಿ ಮುಂದೆ ನಿಂತಿರುತ್ತಾರೆ.

ಎಐ ಬರೆದದ್ದು ನಾನು ಬರೆದದ್ದಲ್ಲ ಎಂದು ಜಾರಿಕೊಳ್ಳಲೂ ಆಗುವುದಿಲ್ಲ. ಅಜ್ಜಿ ತೀರಿಕೊಂಡಾಗ ಊರಿಗೆ ಹೋಗಲು ಪೂರ್ತಿ ದರದ ಟಿಕೆಟ್ ತೆಗೆದ ಪ್ರಯಾಣಿಕರೊಬ್ಬರಿಗೆ, ರಿಯಾಯಿತಿಗೆ ಆಮೇಲೆ ಅರ್ಜಿ ಹಾಕಬಹುದು ಎಂದು ಏರ್ ಕೆನಡಾದ ಚಾಟ್‌ಬಾಟ್ ಹೇಳಿತ್ತು. ಅಂಥ ನಿಯಮವೇ ಇರಲಿಲ್ಲ. ಚಾಟ್‌ಬಾಟ್ ಮಾಡಿದ ತಪ್ಪಿಗೆ ತಾನು ಹೊಣೆಯಲ್ಲ ಎಂದು ಕಂಪೆನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಕೆನಡಾದ ನ್ಯಾಯಮಂಡಳಿ ಅದನ್ನು ಒಪ್ಪದೆ ಪರಿಹಾರ ಕೊಡಿಸಿತು.

ಇಲ್ಲಿಯ ಕಾನೂನೂ ಮೆದುವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ದಾರಿ ತಪ್ಪಿಸುವ ಜಾಹೀರಾತು ನಿಲ್ಲಿಸಲು ವ್ಯಾಪಾರಿಗೂ ಆದೇಶ ಕೊಡಬಹುದು. ತಯಾರಕರಿಗಾದರೆ ಮೊದಲ ಸಲ 10 ಲಕ್ಷ ರೂ. ವರೆಗೆ, ಮತ್ತೆ ಮಾಡಿದರೆ 50 ಲಕ್ಷ ರೂ. ವರೆಗೆ ದಂಡ ಹಾಕಲು ಅವಕಾಶವಿದೆ. ಮನೆಯಲ್ಲೇ ಮಸಾಲೆ ಪುಡಿ, ಉಪ್ಪಿನಕಾಯಿ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಮಾರುವವರು ತಮ್ಮನ್ನು ತಯಾರಕರು ಎಂದು ಎಣಿಸಿಕೊಂಡಿರುವುದಿಲ್ಲ. ಎಐಗೆ 'ಉಪ್ಪಿನಕಾಯಿಗೆ ಜಾಹೀರಾತು ಬರೆ' ಎಂದು ಇಷ್ಟೇ ಹೇಳಿದರೆ ಅದು 'ಶೇ. 100 ನೈಸರ್ಗಿಕ, ಜೀರ್ಣಕ್ಕೆ ಉತ್ತಮ, ಯಾವುದೇ ರಾಸಾಯನಿಕವಿಲ್ಲ' ಎಂದು ತಾನಾಗಿಯೇ ಸೇರಿಸಿಬಿಡುತ್ತದೆ. ಭರಣಿಯಲ್ಲಿ ಏನಿದೆ ಎಂದು ಅದು ನೋಡಿದೆಯಾ?

ಬೆಲೆಯ ವಿಷಯದಲ್ಲೂ ಹೀಗೇ. 1,500 ರೂ. ಬೆಲೆಯ ಒಂದು ಜೋಡಿ ಚಪ್ಪಲಿಗೆ ಶೇ. 18 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿದೆ. ಹಳೆಯ ಮಾಹಿತಿಯ ಮೇಲೆ ಕಲಿತ ಎಐ ಹಳೆಯ ದರವನ್ನೇ ಧೈರ್ಯವಾಗಿ ಬರೆದು ಕೊಡಬಹುದು.

ಬಿ.ಕಾಂ. ಮಕ್ಕಳು ಮಾರ್ಕೆಟಿಂಗ್ ಪಾಠದಲ್ಲಿ ನಾಲ್ಕು 'ಪಿ' ಬಾಯಿಪಾಠ ಮಾಡುತ್ತಾರೆ: ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್. ಎಐಗೆ ಕೈಹಾಕಲು ಬರುವುದು ನಾಲ್ಕನೆಯದಕ್ಕೆ ಮಾತ್ರ, ಅದೂ ಮೊದಲ ಮೂರನ್ನು ಅಂಗಡಿಯವರು ಹೇಳಿಕೊಟ್ಟರೆ. 2021ರ ದೀಪಾವಳಿಗೆ ಕ್ಯಾಡ್‌ಬರಿ ಮಾಡಿದ ಜಾಹೀರಾತು ಗೆದ್ದದ್ದು ಇದರಿಂದಲೇ. ಶಾರುಕ್ ಖಾನ್ ಮುಖ, ದನಿಯನ್ನು ಎಐ ಮೂಲಕ ಬಳಸಿ, ಊರೂರಿನ ಸಣ್ಣ ಅಂಗಡಿಯ ಹೆಸರನ್ನು ಅವರ ಬಾಯಲ್ಲಿ ಹೇಳಿಸಿದರು. ತಂತ್ರಜ್ಞಾನ ದೊಡ್ಡದೇ, ಆದರೆ ಜನ ಹಂಚಿಕೊಂಡದ್ದು ತಮ್ಮ ರಸ್ತೆಯ ಅಂಗಡಿಯ ಹೆಸರು ಕೇಳಿ.

ಎಐಗೆ 'ಆಕರ್ಷಕವಾಗಿ ಬರೆ' ಎನ್ನುವ ಬದಲು ವಿವರ ಕೊಡಬೇಕು: ಯಾವ ಮಾಲು, ಯಾವ ಸೈಜಿನಲ್ಲಿ ಎಷ್ಟು ಜೋಡಿ ಇದೆ, ಬೆಲೆ ಎಷ್ಟು, ಆಫರ್ ಯಾವತ್ತು ಮುಗಿಯುತ್ತದೆ, ಹಿಂದಿರುಗಿಸಬಹುದೋ ಇಲ್ಲವೋ. 'ಇದರಲ್ಲಿ ಇಲ್ಲದ್ದನ್ನು ಸೇರಿಸಬೇಡ' ಎಂದು ಒಂದು ಸಾಲು ಬರೆದರೆ ಬಣ್ಣದ ಮಾತು ಅರ್ಧಕ್ಕರ್ಧ ಇಳಿಯುತ್ತದೆ. ಆಮೇಲೆ ತಿದ್ದುವುದು ಬಾಕಿ ಇರುತ್ತದೆ. ಈ ಕೆಲಸಕ್ಕೆ ಯುವಕರು ಬೇಕು. ಕನ್ನಡವನ್ನೂ ತಮಿಳನ್ನೂ ಓದಬಲ್ಲ, ಮಾಲಿನ ಪರಿಚಯವಿರುವ ಒಬ್ಬ ಹುಡುಗನೋ ಹುಡುಗಿಯೋ ಸಂಜೆಗೆ ನಾಲ್ಕು ಅಂಗಡಿಯ ಪೋಸ್ಟರ್ ನೋಡಿಕೊಟ್ಟರೆ ಕಾಲೇಜಿನ ಖರ್ಚಿಗೊಂದು ದಾರಿಯಾಗುತ್ತದೆ.

ಅಂಥವರು ಸಿಗದಿದ್ದರೆ ಪಕ್ಕದ ಅಂಗಡಿಯ ತಮಿಳು ಟೈಲರಿಗೆ, ಎದುರಿನ ತೆಲುಗು ಹೂವಿನವರಿಗೆ ಒಮ್ಮೆ ಓದಿಸಿದರೂ ನಡೆಯುತ್ತದೆ, ಎರಡು ನಿಮಿಷದ ಕೆಲಸ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಂದು ಸಂದೇಶ ಒಂದೇ ಸಲಕ್ಕೆ 256 ಮಂದಿಯವರೆಗೆ ತಲುಪುತ್ತದೆ. ಆಮೇಲೆ ಡಿಲೀಟ್ ಮಾಡಿದರೂ ಸ್ಕ್ರೀನ್‌ಶಾಟ್ ಯಾರ ಮೊಬೈಲಿನಲ್ಲಾದರೂ ಉಳಿದೇ ಇರುತ್ತದೆ.