ಕೂಸು ಹುಟ್ಟುವ ಮೊದಲೇ ಕುಲಾವಿ

ವಿಡಿಯೊ ಗೇಮ್ ಬಿಡುಗಡೆಯ ದಿನ ಮುಂದಕ್ಕೆ ಹೋದಾಗಲೆಲ್ಲ ಬೈಗುಳ ಬೀಳುವುದು ಅದನ್ನು ಮಾಡುವವರಿಗೆ. ಪುಣೆಯಲ್ಲಿ ವರ್ಷಗಳಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡಿರುವ ನನಗೆ ಇದು ಸರಿ ಕಾಣುವುದಿಲ್ಲ. ದಿನ ಗೊತ್ತುಮಾಡುವವರು ಅವರಲ್ಲವಲ್ಲ! ಹಬ್ಬದ ವ್ಯಾಪಾರ, ಜಾಹೀರಾತು, ಷೇರುದಾರರಿಗೆ ಕೊಟ್ಟ ಮಾತು ಎಲ್ಲ ನೋಡಿಕೊಂಡು ಮೇಲಿನವರು ಮುಹೂರ್ತ ಇಡುತ್ತಾರೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ.

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿಯ 'ಸೈಬರ್‌ಪಂಕ್ 2077' ಕಥೆ ಕೇಳಿ. ಅದು 2020ರ ಏಪ್ರಿಲ್ 16ಕ್ಕೆ ಬರಬೇಕಿತ್ತು. ಸೆಪ್ಟೆಂಬರ್ 17 ಎಂದರು, ಆಮೇಲೆ ನವೆಂಬರ್ 19 ಎಂದರು. ಅಕ್ಟೋಬರ್ ಮೊದಲ ವಾರದಲ್ಲಿ ಆಟ 'ಗೋಲ್ಡ್' ಆಗಿದೆ ಎಂದು ಸಾರಿದರು. ಡಿಸ್ಕ್ ಅಚ್ಚು ಹಾಕಲು ಮೂಲಪ್ರತಿ ತಯಾರು ಎಂದು ಅದರ ಅರ್ಥ. ಅದೇ ತಿಂಗಳ 27ರಂದು ಇನ್ನೂ 21 ದಿನ ಬೇಕೆಂದರು. ಜನ ಗೇಲಿ ಮಾಡಿದರು. ನಮ್ಮ ಕಸುಬಿನವರಿಗೆ ಮಾತ್ರ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮೂಲಪ್ರತಿ ಕಳಿಸಿದ ಮೇಲೂ ದೋಷಗಳು ಸಿಗುತ್ತಲೇ ಇರುತ್ತವೆ. ಅವನ್ನು ಸರಿಪಡಿಸಿ, ಮೊದಲ ದಿನವೇ ಆಟಗಾರರು ಇಳಿಸಿಕೊಳ್ಳುವಂತೆ ಪ್ಯಾಚ್ ಸಿದ್ಧಮಾಡಬೇಕು. ಹಳೆಯ ಕನ್ಸೋಲ್, ಹೊಸ ಕನ್ಸೋಲ್, ಪಿಸಿ ಎಂದು ಒಟ್ಟು 9 ಆವೃತ್ತಿ, ಅದೂ ಕೋವಿಡ್ ಕಾಲದಲ್ಲಿ, ಮನೆಯಲ್ಲಿ ಕೂತು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ. ಕೆಟ್ಟಿದೆಯೇ ಎಂದು ತಿಳಿಯಲು ಮತ್ತೆ ಮೊದಲಿನಿಂದ ಆಡಿ ನೋಡಬೇಕು. ಆಟಗಾರ ಇಡೀ ಊರನ್ನು ಮನಬಂದಂತೆ ಸುತ್ತಬಹುದಾದ ಆಟದಲ್ಲಿ ಈ ಕೆಲಸಕ್ಕೆ ಇಷ್ಟೇ ದಿನ ಸಾಕು ಎಂದು ಯಾವ ಟೆಸ್ಟರ್ ಹೇಳಿಯಾನು?

ಅಂತೂ ಡಿಸೆಂಬರ್ 10ಕ್ಕೆ ಬಂತು. ಹಳೆಯ ಕನ್ಸೋಲ್‌ಗಳಲ್ಲಿ ಅದರ ಅವಸ್ಥೆ ಹೇಗಿತ್ತೆಂದರೆ, ಸುಮಾರು ಒಂದು ವಾರದಲ್ಲೇ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದು, ಕೊಂಡವರಿಗೆ ಹಣ ವಾಪಸು ಕೊಡಲು ಮುಂದಾಯಿತು. ಮತ್ತೆ ಅಂಗಡಿಗೆ ಬಂದದ್ದು 2021ರ ಜೂನ್‌ನಲ್ಲಿ. ಮೂರು ಸಲ ಮುಂದೂಡಿದ್ದೂ ಸಾಲಲಿಲ್ಲ ಎಂದೇ ನಾನು ಹೇಳುವುದು.

ಮುಂದೂಡಿದರೆ ದುಡಿಯುವವರಿಗೆ ಉಸಿರು ಬಿಡಲು ಸಮಯ ಸಿಗುತ್ತದೆ ಎಂದು ಹೊರಗಿನವರಿಗೆ ಅನ್ನಿಸಬಹುದು. 2020ರ ಜನವರಿಯಲ್ಲಿ, ಮೊದಲ ಸಲ ದಿನ ಬದಲಿಸಿದಾಗ, ಕೆಲಸಗಾರರು ಹೆಚ್ಚು ಹೊತ್ತು ದುಡಿಯಬೇಕಾಗುತ್ತದೆಯೇ ಎಂಬ ಪ್ರಶ್ನೆಗೆ ಕಂಪನಿಯ ಮುಖ್ಯಸ್ಥರು ಸ್ವಲ್ಪಮಟ್ಟಿಗೆ ಹೌದು ಎಂದಿದ್ದರು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ವಾರಕ್ಕೆ ಆರು ದಿನ ಕೆಲಸ ಎಂದಾಯಿತು. ಕಡ್ಡಾಯವಾಗಿ ಹೆಚ್ಚು ದುಡಿಸುವುದಿಲ್ಲ ಎಂದು ಹಿಂದಿನ ವರ್ಷವಷ್ಟೇ ಮಾತು ಕೊಟ್ಟಿದ್ದ ಕಂಪನಿಯಿದು! ಕೊನೆಯ ಒಂದು ತಿಂಗಳ ಧಾವಂತವನ್ನು ಯಾರಾದರೂ ತಡೆದುಕೊಂಡಾರು. ಆ 'ಕೊನೆಯ ತಿಂಗಳು' ಮೂರು ಮೂರು ಸಲ ಬಂದರೆ?

ಈಗ ಎಲ್ಲರ ಬಾಯಲ್ಲೂ ಆರನೇ 'ಗ್ರ್ಯಾಂಡ್ ಥೆಫ್ಟ್ ಆಟೋ'ದ ಮಾತು. 2025ಕ್ಕೆ ಎಂದಿದ್ದದ್ದು 2026ರ ಮೇ 26ಕ್ಕೆ ಹೋಯಿತು, ಅಲ್ಲಿಂದ ನವೆಂಬರ್ 19ಕ್ಕೆ. ಅದನ್ನು ಮಾಡುತ್ತಿರುವ ರಾಕ್‌ಸ್ಟಾರ್‌ಗೆ ನಮ್ಮ ಬೆಂಗಳೂರಿನಲ್ಲೂ ಸ್ಟುಡಿಯೊ ಇದೆ. ಅಲ್ಲಿನದೇ ಧ್ರುವ ಇಂಟರಾಕ್ಟಿವ್ ಕಂಪನಿಯನ್ನು 2019ರಲ್ಲಿ ಕೊಂಡು ಅದಕ್ಕೆ ಸೇರಿಸಿಕೊಂಡರು. ಇನ್ನೂ ಆರು ತಿಂಗಳು ಕಾಯಬೇಕಲ್ಲ ಎಂದು ನಿಮ್ಮ ಮನೆಯ ಮಕ್ಕಳು ಗೊಣಗುತ್ತಿರಬಹುದು. ಆ ಆರು ತಿಂಗಳ ಶನಿವಾರ, ಭಾನುವಾರಗಳು ಅಲ್ಲಿ ಕೆಲಸ ಮಾಡುವ ಮಕ್ಕಳಿಗೆ ಸಿಗುತ್ತವೆಯೇ ಎಂಬುದು ನನ್ನ ಚಿಂತೆ.